ನೊಣದ ಮನೆಯ ಅಡುಗೆ

ಗಂಗೋತ್ರಿಯ ಹಿಂಬದಿಯ ಆ ಕೋಣೆಯಲ್ಲಿ
ಬೆಳಿಗ್ಗೆ ಎಂಟಕ್ಕೆ ಒಲೆ ಹಚ್ಚುವವಳು ನಾನು.
ರವೆ, ಬೆಲ್ಲ, ಅಗರ್, ಕೊನೆಗೆ ಮೂಗು ಸುಡುವ ಆಸಿಡ್ ನಾಲ್ಕು ಹನಿ;
ಗಂಟಾಗದಂತೆ ತಿರುವುತ್ತೇನೆ.
ಬೆಲ್ಲ ಮಂಡ್ಯದ್ದೇ ಆಗಬೇಕು, ಬೇರೆಯದನ್ನು ಒಲ್ಲವು ನನ್ನ ನೊಣಗಳು.
ಇದು ವಿಜ್ಞಾನವಲ್ಲ, ನನ್ನ ಹಟ.

ಇಪ್ಪತ್ತಾರು ವರ್ಷ. ಇಪ್ಪತ್ತು ದಿನಕ್ಕೊಮ್ಮೆ
ಹಳೆ ಸೀಸೆಯಿಂದ ಹೊಸ ಸೀಸೆಗೆ ಉದುರಿಸಿ, ಹತ್ತಿ ತುರುಕಿ,
ಚೀಟಿ ನೋಡಿ ಚೀಟಿ ಬರೆದು ಅಂಟಿಸಿದ್ದೇನೆ.
ಬಿಳಿಗಣ್ಣಿನವು ಬಿಳಿಗಣ್ಣಿನವಾಗಿಯೇ,
ಮುರುಟು ರೆಕ್ಕೆಯವು ಮುರುಟಿಕೊಂಡೇ
ನನ್ನ ಕೈಯಲ್ಲಿ ನಾನೂರು ತಲೆ ದಾಟಿವೆ.
ನನ್ನ ಮನೆಯಲ್ಲಿ ಮೂರನೇ ತಲೆ ಈಗ ಎರಡನೇ ಕ್ಲಾಸು.

ಒಂದು ಮಧ್ಯಾಹ್ನ ಕರೆಂಟು ಹೋಯಿತು.
ಸೂಕ್ಷ್ಮದರ್ಶಕ ಕುರುಡಾಗಿ, ಕೆಲಸವಿಲ್ಲದೆ
ಶ್ರುತಕೀರ್ತಿ ಮೇಡಂ ನನ್ನ ಪಕ್ಕ ಬಂದು ಕೂತರು.
ಒಂದು ಕೋಶ ಎರಡಾಗುವ ಮುಂಚೆ, ತಾಯಮ್ಮ,
ಒಳಗಿನ ಜೋಡಿ ನೂಲು ಬಿಚ್ಚಿಕೊಳ್ಳುತ್ತೆ.
ಒಂದೆಳೆಯ ನಕಲು ಬಿಚ್ಚಿದ ಕಡೆಗೇ ಸರಾಗ ಹೋಗುತ್ತೆ.
ಇನ್ನೊಂದರದು ಉಲ್ಟಾ. ತುಂಡು ತುಂಡಾಗಿ
ಹಿಂದಕ್ಕೆ ಬರೀಬೇಕು, ಆಮೇಲೆ ಬೆಸೀಬೇಕು.

ಅವರಿಗೆ ಹೇಗೆ ಹೇಳಲಿ, ನನಗದು ಕಾಲಿನಿಂದ ಅರ್ಥವಾಯಿತೆಂದು.
ಪಾಂಡವಪುರದ ನಾಲೆ ಬಯಲಲ್ಲಿ, ಮೊಣಕಾಲು ಕೆಸರಲ್ಲಿ
ನಾವು ನಾಟಿ ಹಾಕಿದ್ದೇ ಹಿಂದಕ್ಕೆ ನಡೆದು.
ಮುಂದೆ ನಡೆದರೆ ನೆಟ್ಟ ಪೈರನ್ನೇ ತುಳಿಯುತ್ತೇವೆ.
ಒಬ್ಬೊಬ್ಬಳದು ಒಂದೊಂದು ಪಟ್ಟೆ, ನಡುನಡುವೆ ಸಂದು.
ಕೊನೆಗೆ ಕೆಂಪಾಜಮ್ಮ ಒಬ್ಬಳೇ ಇಳಿದು
ಬಿಟ್ಟ ಕಡೆಯೆಲ್ಲ ಪೈರು ಚುಚ್ಚಿ ಬರುತ್ತಿದ್ದಳು.
ಅವಳಿಗೆ ಕೂಲಿ ಎಂಟಾಣೆ ಹೆಚ್ಚು.

ತಪ್ಪಾಗಲ್ಲವಾ ಮೇಡಂ?
ಲಕ್ಷಕ್ಕೊಂದು. ಬರೆಯುವ ಕೈಯೇ ತಡೆದು ನಿಂತು
ಒಂದು ಹೆಜ್ಜೆ ಹಿಂದೆ ಸರಿದು, ಕಿತ್ತು, ಮತ್ತೆ ಬರೆಯುತ್ತೆ.
ಆಗ ಕೋಟಿಗೊಂದು.
ಕಣ್ಣಿದೆಯಾ ಅದಕ್ಕೆ?
ಇಲ್ಲ. ಜೋಡಿ ಕೂರದಿದ್ದರೆ ಉಬ್ಬುತ್ತೆ, ಕೈಗೆ ಸಿಗುತ್ತೆ.
(ಕತ್ತಲಲ್ಲಿ ಅಕ್ಕಿ ಆರಿಸಿದವಳು ನಾನು. ಗೊತ್ತು.)
ಅದೂ ತಪ್ಪಿಸಿಕೊಂಡರೆ?
ಹಿಂದಿನಿಂದ ಇನ್ನೊಂದು ಗುಂಪು ಬರುತ್ತೆ.
ಹೊಸ ಎಳೆಯಲ್ಲಿ ಬೆಸುಗೆ ಮಾಗದ ಸೀಳು ಇರುತ್ತಲ್ಲ,
ಅದರಿಂದ ತಿಳಿಯುತ್ತೆ, ತಿದ್ದಬೇಕಾದ್ದು ಯಾವುದು ಅಂತ.

ಬಾಯಲ್ಲಿದ್ದ ಎಲೆಅಡಿಕೆ ಕಹಿಯಾಯಿತು.

ಏಳು ವರ್ಷದ ಕೆಳಗೆ, ಚೆಲುವಾಂಬ ಆಸ್ಪತ್ರೆಯಿಂದ
ಮಗಳಿಗೆ ಹೆರಿಗೆಯಾಯಿತೆಂದು ಫೋನು ಬಂದ ದಿನ
ಎರಡು ಸೀಸೆಯ ಚೀಟಿ ನನ್ನ ಕೈಯಲ್ಲಿ ಅದಲುಬದಲಾದವು.
ಒಂದು ವಂಶ ಬೆಟ್ಟದ ಬುಡದಲ್ಲಿ ಹಿಡಿದದ್ದು,
ಇನ್ನೊಂದು ಸಾವಿರ ಮೆಟ್ಟಿಲ ಮೇಲೆ. ನೋಡಲು ಒಂದೇ ಥರ.
ಮರುದಿನ ಅನುಮಾನ ಕೈಗೆ ಸಿಕ್ಕಿತ್ತು. ಉಬ್ಬಿತ್ತು.
ನಾನು ಹಿಂದೆ ಸರಿಯಲಿಲ್ಲ.
ಅಂದಿನಿಂದ ಅದೇ ತಪ್ಪನ್ನು
ದುಂಡಗೆ, ಅಂದವಾಗಿ, ನೂರಿಪ್ಪತ್ತು ಸಲ ಬರೆದಿದ್ದೇನೆ.

ಕರೆಂಟು ಬಂತು. ಬೆಳಕಲ್ಲೇ ಹೇಳಿದೆ.

ಅವರು ಬಯ್ಯಲಿಲ್ಲ. ಅದೇ ಕಷ್ಟವಾಯಿತು.
ಹದಿನೆಂಟು ದಿನ ಇಬ್ಬರೂ ಕೂತು
ಎಳೆ ಹುಳುವಿನ ಉಗುಳುಗ್ರಂಥಿ ಬಿಡಿಸಿ, ಬಣ್ಣ ಹಾಕಿ, ಹಿಚುಕಿ ನೋಡಿದೆವು.
ಮೊದಲ ಸಲ ನಾನು ಆ ಕೊಳವೆಗೆ ಕಣ್ಣಿಟ್ಟೆ:
ಸಾವಿರ ಪ್ರತಿ ಬಿಡಿಯಾಗದೆ ಒಂದೇ ಹಗ್ಗವಾಗಿ ಹೊಸೆದಿದೆ,
ಮೈತುಂಬ ಅಡ್ಡಪಟ್ಟೆ, ನನ್ನಜ್ಜಿಯ ಸೀರೆ ಅಂಚಿನ ಹಾಗೆ.
ಬುಡದ್ದು ತನ್ನ ಹೆಸರಿಗೆ ಮರಳಿತು.
ಮೇಲಿನದು ಯಾವಾಗಲೋ ಯಾವುದರೊಡನೆಯೋ ಕೂಡಿ
ಯಾವುದೂ ಆಗಿ ಉಳಿದಿರಲಿಲ್ಲ.

ತಿದ್ದಲಾಗದಷ್ಟು ಕೆಟ್ಟರೆ ಕೋಶ ಏನು ಮಾಡುತ್ತೆ ಮೇಡಂ?
ಎಷ್ಟೋ ಸಲ ತನ್ನನ್ನೇ ಮುಗಿಸಿಕೊಳ್ಳುತ್ತೆ. ಸದ್ದಿಲ್ಲದೆ.
ಆ ಎಂಟು ಸೀಸೆಗಳನ್ನು ಹಬೆಪೆಟ್ಟಿಗೆಗೆ ನಾನೇ ಇಟ್ಟೆ.
ರಿಜಿಸ್ಟರಿನ ಆ ಸಾಲಿಗೆ ಕೆಂಪು ಗೆರೆ, ಪಕ್ಕದಲ್ಲಿ ನನ್ನ ರುಜು.

ಈಗ ಚೀಟಿಯನ್ನು ಜೋರಾಗಿ ಓದಿ ಬರೆಯುತ್ತೇನೆ,
ಬರೆದದ್ದನ್ನು ಬೆರಳಿಟ್ಟು ಮತ್ತೆ ಓದುತ್ತೇನೆ.
ತಾಯಮ್ಮ ನೊಣಕ್ಕೆ ಮಂತ್ರ ಹಾಕ್ತಾಳೆ ಅಂತ ಹುಡುಗರು ನಗುತ್ತಾರೆ.
ನಗಲಿ. ಬೆಲ್ಲ ಕುದಿ ಬಂತು.
ತಿರುವುವ ಈ ಕೈಯ ಚರ್ಮದೊಳಗೆ ಈಗಲೂ
ಯಾರೋ ಬಗ್ಗಿಕೊಂಡು, ಹಿಂದಕ್ಕೆ ನಡೆಯುತ್ತ, ನೆಡುತ್ತಿದ್ದಾರೆ.
ಇವತ್ತು ಅಗರ್ ಒಂದು ಚಿಟಿಕೆ ಹೆಚ್ಚಾಯಿತೇನೋ.
ಇಳಿಸಿ ನೋಡಬೇಕು.