ಚೀಟಿ ಎತ್ತುವ ತನಕ

ವಾರಕ್ಕೆ ಇಪ್ಪತ್ತೊಂದು ಗಂಟೆ, ಕುಟುಂಬಕ್ಕೆ ಇಷ್ಟು ಅಂತ.
ತಗಡಿನ ಗೇಟಿನ ಹತ್ತಿರ ಸುಲ್ಮಾ
ಮಡಿಸುವ ಮೇಜು ಹಾಕಿ ಕೂತಿರುತ್ತಾಳೆ,
ಕಿವಿಯಲ್ಲಿ ಪೆನ್ಸಿಲು, ಮೊಣಕಾಲ ಮೇಲೆ ಕಂಬಳಿ.
ಹತ್ತು ನಿಮಿಷ ತಡವಾದರೂ ಬರೆದುಕೊಳ್ಳುತ್ತಾಳೆ,
ಒಡಹುಟ್ಟಿದ ತಂಗಿಯದನ್ನೂ.

ಮೊಂಟೆವಿಡಿಯೊ ಮುಗಿಯುವಲ್ಲಿ,
ಬಸ್ಸು ತಿರುಗಿಕೊಳ್ಳುವ ಜಾಗದಾಚೆ,
ಮುಚ್ಚಿದ ಉಣ್ಣೆ ಕಾರ್ಖಾನೆಯ ಹಿಂದೆ
ಮೂವತ್ತು ಮನೆ, ಮೂವತ್ತು ಕುಟುಂಬ.
ಯಾವುದು ಯಾರದೋ ಯಾರಿಗೂ ಗೊತ್ತಿಲ್ಲ.
ಕೊನೆಯ ಬಾಗಿಲಿಗೆ ಕೊನೆಯ ಸ್ಕ್ರೂ ಕೂತ ಮೇಲೆ
ಚೀಟಿ ಎತ್ತುವುದು. ಅಲ್ಲಿಯವರೆಗೆ
ಗೋಡೆಗಳಿಗೆ ಬರೀ ನಂಬರು.

ಮನೆ ಕಟ್ಟಿ ನೋಡು ಅಂತಾರೆ.
ಯಾರ ಮನೆ ಅಂತ ಹೇಳಿದವರಿಲ್ಲ.

ನನ್ನದು ಆಸ್ಪತ್ರೆಯ ಲಾಂಡ್ರಿ, ರಾತ್ರಿ ಪಾಳಿ.
ಕರಣೆ ಹಿಡಿಯಲು ಕಲಿಸಿದವಳು ನಿಬಿಯಾ,
ಅರವತ್ತು ದಾಟಿದ ಮೀನು ಮಾರುವವಳು.
ಗಾರೆಯ ಹದ ಕೇಳಿದರೆ,
“ಕರಣೆ ಓರೆ ಮಾಡಿದರೆ ಬೀಳಬಾರದು,
ಒದರಿದರೆ ನಿಲ್ಲಬಾರದು.”
ಮೊದಲ ವಾರ ಗಂಡಸರು ನಕ್ಕರು.
ಎರಡನೇ ವಾರ ಅವಳ ಸಾಲು ನೋಡಿ
ಸದ್ದಿಲ್ಲದೆ ತಮ್ಮ ಸಾಲು ಬಿಚ್ಚಿದರು.

ಜುಲೈ. ಇಲ್ಲಿ ಜುಲೈ ಅಂದರೆ ಕೊರೆಯುವ ಚಳಿ.
ನೀರಿನ ಡ್ರಮ್ಮಿನ ಮೇಲೆ ಗಾಜಿನ ಹಪ್ಪಳ.
ಬಾಂಡ್ಲಿ ಹೊತ್ತ ಕೈಗಳು ತಮ್ಮವಲ್ಲದ ಹಾಗೆ.
ಆಗ ಬರುತ್ತದೆ ಮಾಟೆ ಸೊಪ್ಪಿನ ಬುರುಡೆ, ಬಿಸಿನೀರಿನ ಫ್ಲಾಸ್ಕು,
ಒಂದೇ ಕೊಳವೆ, ಎಷ್ಟೋ ಬಾಯಿ,
ಎಂಜಲು ಎಂಬ ಮಾತೇ ಇಲ್ಲ.
ಎಬೆರ್ತ್ ಬಂದರೆ ಮಾತ್ರ ನಾನು ಎದ್ದು ಹೋಗುತ್ತಿದ್ದೆ.
ಒಂದು ಚೀಲ ಸಿಮೆಂಟಿನ ಜಗಳ. ಈಗ ಹೇಳಲು ನಾಚಿಕೆ,
ಆಗ ಸಭೆಯಲ್ಲಿ ಕೈಯೆತ್ತಿ ಹೇಳಿದ್ದೆ.

ಇನ್ನೊಂದು ಮಾತು ಸಭೆಯಲ್ಲಿ ಹೇಳಿಲ್ಲ.
ಒಂಬತ್ತನೆಯ ಮನೆ. ಮೂಲೆಯದು.
ಅಡುಗೆಮನೆ ಕಿಟಕಿಗೆ ಆಚೆಯವರ ನಿಂಬೆಮರ.
ಅಲ್ಲಿ ಟೈಲ್ಸು ಕೂರಿಸುವಾಗ
ರಸಮಟ್ಟದ ಗುಳ್ಳೆ ನಡುಗದಂತೆ ಉಸಿರು ಹಿಡಿದಿದ್ದೆ.
ಒಂದೊಂದು ಟೈಲನ್ನೂ ಬೆರಳಲ್ಲಿ ತಟ್ಟಿ ಕೇಳಿದ್ದೆ,
ಹಲಸಿನ ಹಣ್ಣನ್ನು ಕೇಳುವ ಹಾಗಲ್ಲ,
ಮಗುವಿನ ಬೆನ್ನನ್ನು, ತೇಗು ಬರುವ ತನಕ.
ಇಪ್ಪತ್ತಮೂರನೆಯ ಮನೆ?
ಊಟದ ಗಂಟೆಯೊಳಗೆ ಮುಗಿಸಿ ಕೈತೊಳೆದೆ.

ನವೆಂಬರ್. ಬಿಸ್ಕತ್ತಿನ ಡಬ್ಬಿಯಲ್ಲಿ ಮೂವತ್ತು ಚೀಟಿ.
ಎತ್ತಿದವಳು ದಾರ್ದೋನ ಕೊನೆಯ ಮಗಳು,
ಹಲ್ಲು ಬಿದ್ದ ಬಾಯಲ್ಲಿ ನಂಬರು ಕೂಗುತ್ತ.
ನನಗೆ ಹದಿನಾಲ್ಕು. ಅಲ್ಲಿ ಒಂದು ಇಟ್ಟಿಗೆಯನ್ನೂ ಇಟ್ಟವಳಲ್ಲ ನಾನು.
ಒಂಬತ್ತು ಎಬೆರ್ತ್‌ಗೆ.
ಇಪ್ಪತ್ತಮೂರು
ನಿಬಿಯಾಳಿಗೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ,
ಕೈಗಳು ಮತ್ತೆ ಜುಲೈ ತಿಂಗಳವು.

ಮೂರು ಭಾನುವಾರ ಕಾದೆ. ಅವಳು ಏನೂ ಅನ್ನಲಿಲ್ಲ.
ನಾಲ್ಕನೆಯದಕ್ಕೆ ಉಳಿ, ಸುತ್ತಿಗೆ, ಅರ್ಧ ಚೀಲ ಸಿಮೆಂಟು.
ಗೇಟಿನ ಬಳಿ ಮೇಜಿರಲಿಲ್ಲ.
ಬರೆದುಕೊಳ್ಳುವವರಿಲ್ಲದ ಗಂಟೆಗಳು
ಅದೆಷ್ಟು ಉದ್ದವೋ ಅವತ್ತೇ ತಿಳಿದದ್ದು.

ಬಾಗಿಲು ತೆಗೆದು ಸುತ್ತಿಗೆ ನೋಡಿದಳು, ನನ್ನ ನೋಡಿದಳು.
“ಹಾಕಿದ ದಿನವೇ ಕಂಡಿದ್ದೆ. ಬಾ, ನೀರು ಕಾದಿದೆ.”

ಮೊದಲ ಟೈಲು ಎದ್ದಾಗ ಅತ್ತವನು ಅವಳ ಮೊಮ್ಮಗ.
ಕೋಣೆಯ ಎಲ್ಲಿ ಬಿಟ್ಟರೂ ಅವನ ಗೋಲಿ
ಉರುಳಿ ಉರುಳಿ ಅದೇ ಮೂಲೆಗೆ ಬರುತ್ತಿತ್ತಂತೆ,
ಸಾಕಿದ ನಾಯಿಯ ಹಾಗೆ.
ಸಂಜೆ ನೆಲ ಸಮವಾಯಿತು.
ನಡುಮನೆಯಲ್ಲಿ ನಿಂತೇ ಬಿಟ್ಟ ಗೋಲಿಯ ಮುಂದೆ ಕೂತು
ಅವನು ನನ್ನನ್ನು ಇನ್ನೂ ದುರುಗುಟ್ಟಿ ನೋಡುತ್ತಿದ್ದಾನೆ.