ಹನ್ನೆರಡನೆಯ ಖಾನೆ

ಮೂವತ್ತು ಕುರಿ.
ಒಂದು ಭೇಟಿಯ ಬೆಲೆಯನ್ನು ನಾನು ಎಣಿಸುವುದು ಹಾಗೆ.
ಡಾಲರಿನ ಲೆಕ್ಕ ತಲೆಗೆ ಹತ್ತುವುದಿಲ್ಲ;
ಉಣ್ಣೆ ಬೋಳಿಸುವವನ ಕೈಗೆ
ಕುರಿಯ ಲೆಕ್ಕವೇ ಸಲೀಸು.

ಮಟೌರಾ ಹೊಳೆಯ ಪಕ್ಕ, ಟೈರಿನ ಅಂಗಡಿಯ ಮೇಲೆ
ಫಿನೆಲಾಳ ಕೋಣೆ. ಹದಿನೇಳು ಮೆಟ್ಟಿಲು.
ಮೊದಲ ದಿನ ಅವನ್ನು
ನಾಲ್ಕು ಕಾಲಿನಲ್ಲಿ ಹತ್ತಿದ್ದೆ, ಸುಳ್ಳಲ್ಲ.
ಅಂಗಡಿಯ ಹುಡುಗ ಕೈಲಿದ್ದ ಟೈರು ಬಿಟ್ಟು ನೋಡುತ್ತಿದ್ದ.

ಅವಳು ಕೊಟ್ಟ ಚೀಟಿಯಲ್ಲಿ ಹನ್ನೆರಡು ಖಾನೆ.
ಒಂದೊಂದು ಸಲಕ್ಕೆ ಒಂದೊಂದು ಮುದ್ರೆ, ನೀಲಿ,
ಕಾಫಿ ಅಂಗಡಿಯವರು ಕೊಡುವಂಥದೇ;
ಆದರೆ ಇಲ್ಲಿ ಹನ್ನೆರಡಾದ ಮೇಲೆ ಯಾವುದೂ ಪುಕ್ಕಟೆಯಲ್ಲ.

ಮಂಚದ ತೂತಿನಲ್ಲಿ ಮುಖವಿಟ್ಟು ಮಲಗಿದರೆ
ಕಾಣುವುದು ಅವಳ ಶೂ ಮಾತ್ರ,
ಎಡಗಾಲಿನದರ ಲಾಡಿ ಯಾವಾಗಲೂ ಸಡಿಲ.
‘ಉಸಿರು ಬಿಡಿ’ ಅನ್ನುತ್ತಾಳೆ. ಬಿಟ್ಟ ಉಸಿರಿನ ತುದಿಗೆ
ಲಟಕ್ಕನೆ
ಯಾರೋ ಬೆನ್ನಿಗೆ ನೆಟಿಕೆ ಮುರಿದ ಹಾಗೆ.

ಆಗ ನೆನಪಾಗುತ್ತದೆ ನನ್ನ ಮೊಣಕಾಲುಗಳ ನಡುವಿನ ಕುರಿ:
ಹಿಡಿತ ಸರಿಯಿದ್ದರೆ ಅದು ಒದೆಯುವುದಿಲ್ಲ,
ಕಣ್ಣು ಅರೆಮುಚ್ಚಿ, ಕಾಲು ಚೆಲ್ಲಿ,
ಮೈ ಬೇರೆ ಯಾರದೋ ಎಂಬಂತೆ ಕೂತಿರುತ್ತದೆ.
ಮೂವತ್ತೊಂದು ವರ್ಷ ಬೋಳಿಸಿದವುಗಳಲ್ಲಿ
ಒಂದಾದರೂ ಕೇಳಿತೇ, ಇನ್ನೆಷ್ಟು ಹೊತ್ತು ಅಂತ?

ನಾನು ಕೇಳಿದೆ. ಆರನೆಯ ಸಲವೇ ಕೇಳಬೇಕಿತ್ತು,
ಅಷ್ಟರಲ್ಲಿ ಚಳಕು ನಿಂತು
ಮನುಷ್ಯರ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ.
ಕೇಳಿದ್ದು ಹನ್ನೊಂದನೆಯ ಸಲ.

ನಡುವೆ ಐದು ಸಲ ಯಾಕೆ ಬಂದೆ?
ಶೆಡ್ಡಿನಲ್ಲಿ ಚಹಾದ ಹೊತ್ತಿಗೆ ಹುಹಾನಾ ನಕ್ಕಳು,
ಹುಡುಗಿ ಚೆಲುವೆಯೇನೋ ಅಂತ.
ಅಲ್ಲವೇ, ನನ್ನ ಮಗಳಿಗಿಂತ ಚಿಕ್ಕವಳು,
ಕೈಗೆ ಕಿತ್ತಳೆ ಸಿಪ್ಪೆಯ ವಾಸನೆ.
ಹೆದರಿಕೆ ಇರಬೇಕು.
ಬೆಳಿಗ್ಗೆ ಹಾಸಿಗೆಯಂಚಿನಲ್ಲಿ ಕೂತು
ಒಂದು ಕಾಲುಚೀಲ ಹಾಕಿ, ಇನ್ನೊಂದಕ್ಕೆ ಬಗ್ಗುವ ಮುಂಚೆ ತಡೆಯುತ್ತೇನೆ,
ಸಾಲ ಕೊಟ್ಟವನು ಬಾಗಿಲಾಚೆ ನಿಂತಿದ್ದಾನೋ ಎಂದು
ಕಿವಿಗೊಡುವವನಂತೆ.
ಬೆನ್ನು ಬಿಡದ ನೋವು ಅನ್ನುತ್ತಾರಲ್ಲ,
ಅದು ಬಿಟ್ಟ ಮೇಲೂ
ನಾನೇ ಅದರ ಬೆನ್ನು ಹತ್ತಿದ್ದೆ.

ಕಾರ್ಬಿಟ್ ಹತ್ತೊಂಬತ್ತು ವರ್ಷದಿಂದ ಒಂದು ಮಂಗಳವಾರ ತಪ್ಪಿಸಿಲ್ಲ.
ಅವನ ಬೆನ್ನು ಕೆಟ್ಟಿದೆ.
ಲಾಕ್ಲನ್ ಒಮ್ಮೆಯೂ ಹೋದವನಲ್ಲ.
ಅವನದೂ ಕೆಟ್ಟಿದೆ, ಅಷ್ಟೇ.
ಇಬ್ಬರೂ ತೊಲೆಗೆ ಕಟ್ಟಿದ ಸ್ಪ್ರಿಂಗಿನ ಪಟ್ಟಿಗೆ ಎದೆ ಒಡ್ಡಿ
ಅಕ್ಕಪಕ್ಕ ತೂಗುತ್ತ
ನನಗೆ ಬುದ್ಧಿ ಹೇಳುತ್ತಾರೆ.

ಇನ್ನೆಷ್ಟು ಸಲ?
ಫಿನೆಲಾ ಕೈ ಒರೆಸಿಕೊಂಡಳು.
ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಬೆನ್ನೆಲುಬು
ಕಿಟಕಿಯ ಗಾಳಿಗೆ ಅಲ್ಲಾಡಿತು.
‘ತಿಂಗಳಿಗೊಮ್ಮೆ ಬನ್ನಿ ಅನ್ನಬಹುದು, ಅನ್ನುವವರಿದ್ದಾರೆ.
ಬರದಿದ್ದರೆ ಕೆಡುತ್ತದೆ ಅಂತ ಮಾತ್ರ ಹೇಳಲಾರೆ,
ನನಗೆ ಗೊತ್ತಿಲ್ಲ.
ನಾನು ತೋರಿಸಿದ ವ್ಯಾಯಾಮ ಮಾಡುತ್ತಿದ್ದೀರಾ?’

ಮಾಡುತ್ತಿದ್ದೇನೆ ಅಂದೆ. ಅರ್ಧ ಸುಳ್ಳು.
ಯಾವ ಅರ್ಧ ಅನ್ನುವುದು
ಅವಳ ಬೆರಳಿಗೆ ಗೊತ್ತಿತ್ತು.

ಕೈಗುಣ ಅನ್ನುವುದೊಂದಿದೆ, ಇಲ್ಲವೆನ್ನುವುದಿಲ್ಲ.
ಆದರೆ ನೋವು ಉಣ್ಣೆಯಲ್ಲ,
ವರ್ಷ ವರ್ಷ ಬೆಳೆಯಲೇಬೇಕು ಅಂತ ಯಾರು ಬರೆದಿದ್ದಾರೆ?
ಕುರಿ ತಿರುಗಿ ಬರುತ್ತದೆ, ಅದರ ಹಣೆಬರಹ ಅದು.
ನಾನು...

ಹನ್ನೆರಡನೆಯ ಖಾನೆ ಖಾಲಿ ಇಟ್ಟುಕೊಂಡೆ.
ಬ್ಲೇಡಿನ ಡಬ್ಬಿಯಲ್ಲಿ, ಎಣ್ಣೆಬಟ್ಟೆಯ ಕೆಳಗಿದೆ ಚೀಟಿ.
ನವೆಂಬರಿಗೆ ದೊಡ್ಡ ಮಂದೆಗಳು ಬರುತ್ತವೆ,
ಆಮೇಲೆ ನೋಡೋಣ.

ಬೆನ್ನು ತೋರಿಸಲು ಬಂದವನು
ಬೆನ್ನು ತೋರಿಸಿ ಹೊರಟೆ.
ಹದಿನೇಳು ಮೆಟ್ಟಿಲು, ಕಂಬಿ ಹಿಡಿಯದೆ.
ಹದಿನಾರನೆಯದರಲ್ಲಿ
ಹಿಡಿದೆ.