ಕೆಂಪು ಚೀಟಿ

ಎರಡು ಗಂಟೆ ಐವತ್ತೆರಡು ನಿಮಿಷಕ್ಕ
ಗೋಕುಲ ರೋಡಿನ ಕರೆಂಟು ಹೋತು.
ಮೂರಕ್ಕ ಟೆಂಡರ್ ಬಾಗಿಲು ಹಾಕತೈತಿ.
ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅವುಚಿಕೊಂಡು
ಹಿಂದಿನ ಗಿರಣಿಯ ಜನರೇಟರಿಗೆ ಓಡಿದೆ,
ಜ್ವಾಳದ ಹಿಟ್ಟು ಹಾರೂ ನಡುವ
ಡಿಜಿಟಲ್ ಸಹಿ ಒತ್ತಿದೆ.

ಷರತ್ತು ಹದಿನಾಲ್ಕು:
ಇಂಥಾ ಕೆಲಸ ಸಿಗಬೇಕಂದ್ರ ಇಂಥಾ ಕೆಲಸ ಮಾಡಿರಬೇಕು.
ಹುಚ್ಚು ಬಿಡದ ಮದಿವಿ ಆಗೂದಿಲ್ಲ, ಮದಿವಿ ಆಗದ ಹುಚ್ಚು ಬಿಡೂದಿಲ್ಲ.
ರೈಲ್ವೆ ಬ್ರೇಕಿನ ವಾಲ್ವು ತಿದ್ದಿದ
ಏಳು ವರ್ಷದ ಪತ್ರ ಲಗತ್ತಿಸಿದ್ವಿ.
ಎಲ್ಲಾರಕಿಂತ ಕಡಿಮಿ ದರ ನಮ್ಮದ.
ಅಪ್ಪ ಅಂದ: ಗೆದ್ದಂಗೋ ಸೋತಂಗೋ
ಬಿಲ್ ಬಂದಮ್ಯಾಲೆ ಹೇಳ್ತೀನಿ.

ಬಂದ್ವು ಮೂರು ಪೆಟ್ಟಿಗಿ.
ಮೇಣದ ಕಾಗದದಾಗ ನಲವತ್ತೆರಡು ವಾಲ್ವು,
ಒಂದೊಂದೂ ಮೋಟು ಪೆನ್ಸಿಲಿನಷ್ಟು.
ಯಾವ ವಿಮಾನದ್ದು, ರೆಕ್ಕಿಗೋ ಗಾಲಿಗೋ,
ಕೇಳೂ ಹಕ್ಕಿಲ್ಲ. ಷರತ್ತು ಇಪ್ಪತ್ತೊಂದು.
ಹದಿಮೂರು ಅಂಕಿಯ ನಂಬರು,
ಅಷ್ಟ ಅದರ ಊರು, ಮನೆತನ.

ಹಳೇ ಸ್ಟೋರ್ ರೂಮಿಗೆ ಬಣ್ಣ ಹೊಡದು
ಸೆಕೆಂಡ್ ಹ್ಯಾಂಡ್ ಏಸಿ ಕೂಡಿಸಿ
ಚಪ್ಪಲಿ ಹೊರಗ ಬಿಡಸಿದ್ವಿ.
ಧೂಳು ಮಾತ್ರ ಈ ಊರಿನ ಹಳೇ ಬಾಡಿಗಿದಾರ,
ನೋಟಿಸಿಗೆ ಬಗ್ಗೂದಿಲ್ಲ.
ದಿನಾ ಮೂರು ಸರ್ತಿ ಹಸಿ ಅರಬಿಲೆ ಒರಸಿ
ಕುಂಡರತಿದ್ದ ಮೌನೇಶಿ ಪತ್ತಾರ.
ಅವನ ಅಜ್ಜ ಲಕ್ಷ್ಮೇಶ್ವರದಾಗ
ಗುಲಗಂಜಿ ಇಟ್ಟು ಬೋರಮಾಳ ತೂಗಾವ.
ಇವನ ತಕ್ಕಡಿಯೊಳಗ ಮೈಕ್ರಾನು.

ನಲವತ್ತೊಂದು ಪಾಸಾದ್ವು.
ಇಪ್ಪತ್ತೇಳನೇದು ಉಳೀತು.
ಸವೆತ, ಮಿತಿಗಿಂತ ಎರಡು ಮೈಕ್ರಾನ್ ಜಾಸ್ತಿ.
ತಲಿಗೂದಲಾ ಒಂದು ತಗೊಂಡು
ಮೂವತ್ತು ಸೀಳು ಮಾಡಿದರ ಅದರಾಗಿನ ಒಂದು.
ಟೆಸ್ಟ್ ಬೆಂಚಿನ ಮ್ಯಾಲೆ ಸೋರಲಿಲ್ಲ.
ಒತ್ತಡ ಏರಿಸಿದ್ವಿ, ಸೋರಲಿಲ್ಲ.
ಅಪ್ಪ ಕ್ಯಾಲೆಂಡರ್ ನೋಡಿದ:
ವಾರಕ್ಕ ಅರ್ಧ ಪರ್ಸೆಂಟ್ ದಂಡ,
ಒಂದು ಕಮ್ಮಿ ಬಿದ್ದರ ಪೂರಾ ಲಾಟಿನ ಬಿಲ್ ನಿಲ್ತೈತಿ.

"ಸೋರೂದಿಲ್ಲಲ್ಲೋ ಮೌನೇಶಿ."
"ಇವತ್ತ ಸೋರೂದಿಲ್ರಿ."

ಬಹಳ ಹೊತ್ತು ಏಸಿ ಸಪ್ಪಳ ಅಷ್ಟ.
ಆಮ್ಯಾಲೆ ಅವನ ಬಾಯಿಬಿಟ್ಟ:
"ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡೂದಿಲ್ಲಂತ
ನಮ್ಮ ಮಂದಿಗೆ ಗಾದಿ ಕಟ್ಯಾರ್ರಿ.
ಅಜ್ಜ ಅದನ್ನ ಕೇಳಕೋತನ ಸತ್ತ.
ಇದರಾಗಿಂದು ಕದ್ದಾವ ನಾ ಅಲ್ಲ,
ಎಣ್ಣಿ ಕದ್ದೈತಿ, ವ್ಯಾಳ್ಯಾ ಕದ್ದೈತಿ.
ಸರಿ ಐತಿ ಅಂತ ಸಹಿ ಹಾಕಿದ್ನೆಪಾ ಅಂದ್ರ
ಕಳ್ಳ ನಾನ ಆಗತೀನ್ರಿ."

ಕೆಂಪು ಚೀಟಿ ತಗದ.
ಲಗ್ನಪತ್ರಿಕಿ ಮ್ಯಾಲೆ ಹೆಸರು ಬರದಂಗ
ದುಂಡಗ ಬರದ: ದುರಸ್ತಿಗೆ ಮೀರಿದ್ದು.
ಸಣ್ಣ ತಂತಿಲೆ ಕಟ್ಟಿದ,
ಮೂಗುಬಟ್ಟಿನ ತಿರುಪು ಹಾಕೂ ಕೈ.

ತಪಾಸಣಿಗೆ ಬಂದ ಅಧಿಕಾರಿ
ನಲವತ್ತೊಂದನ್ನೂ ಬಿಟ್ಟು ಅದನ್ನ ಎತ್ತಿದ.
"ಇದನ್ನ ತಗದವರು ಯಾರು?"
ನಾವು ಮೂವರೂ ನೆಲಾ ನೋಡಿದ್ವಿ.
ತನ್ನ ವಹಿಯೊಳಗ ಒಂದು ಸಾಲು ಬರಕೊಂಡ,
ನಮಗ ತೋರಸಲಿಲ್ಲ.

ಬಿಲ್ಲು ಹನ್ನೊಂದು ತಿಂಗಳಿಗೆ ಬಂತು, ಕಡಿತ ಆಗಿ.
ಗೆದ್ದಂಗೋ ಸೋತಂಗೋ ಅಪ್ಪ ಇನ್ನೂ ಹೇಳಿಲ್ಲ.

ನಿನ್ನೆ ಸಂಜಿಮುಂದ, ಗಾಡಿ ಅಂಗಡಿ ಹಂತ್ಯಾಕ
ತಲಿಮ್ಯಾಲೆ ವಿಮಾನ ಹೋತು.
ಮಂದಿ ತರೋದು, ಸೈನ್ಯದ್ದಲ್ಲ.
ನಾನು ಕತ್ತೆತ್ತಿ ನೋಡಿದೆ.
ಮೌನೇಶಿ ನೋಡಲಿಲ್ಲ, ಬರೇ ಕಿವಿ ವಾರಿ ಮಾಡಿದ,
"ಗಾಲಿ ಒಳಗ ಹೋದ್ವು" ಅಂದ,
ಗಿರ್ಮಿಟ್ಟಿಗೆ ಇನ್ನೊಂದೀಟು
ಉಳ್ಳಾಗಡ್ಡಿ ಕೇಳಿದ.